ಹೃದಯದ ಮಾತ್ರೆ ಕೆಲಸ ಮಾಡಿದೆ ಅಂತ ಗೊತ್ತಾಗುವುದು ಹೇಗೆ?

ಹಾರ್ಟ್ ಅಟ್ಯಾಕ್ ಆಗಿ ಬದುಕಿ ಉಳಿದವರ ಇಸಿಜಿಯಲ್ಲಿ ನಡುನಡುವೆ ತಾಳ ತಪ್ಪಿದ ಬಡಿತಗಳು ಕಾಣಿಸುವುದುಂಟು. ಇಂಥ ಬಡಿತ ಜಾಸ್ತಿ ಇರುವವರು ದಿಢೀರನೆ ಸಾಯುವ ಅಪಾಯವೂ ಜಾಸ್ತಿ ಅನ್ನುವುದು ವೈದ್ಯರಿಗೆ ತುಂಬಾ ಹಿಂದೆಯೇ ಗೊತ್ತಿತ್ತು. ಹಾಗಾದರೆ ಆ ಬಡಿತಗಳನ್ನು ಅಡಗಿಸಿಬಿಟ್ಟರೆ ಸಾವೂ ತಪ್ಪಬೇಕು ಅಲ್ವಾ? ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಎನ್ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಔಷಧಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದವು. ಮಾತ್ರೆ ಶುರು ಮಾಡಿದ ಮೇಲೆ ತೆಗೆದ ಇಸಿಜಿ ನೋಡಿದರೆ ಡಾಕ್ಟರಿಗೂ ಸಮಾಧಾನ, ರೋಗಿಗೂ ಸಮಾಧಾನ.

ಆಮೇಲೆ ಕ್ಯಾಸ್ಟ್ ಎಂಬ ಟ್ರಯಲ್, ಅಂದರೆ ರೋಗಿಗಳಲ್ಲಿ ಔಷಧವನ್ನು ಪರೀಕ್ಷಿಸಿ ನೋಡುವ ಅಧ್ಯಯನ, ನಡೆಯಿತು. ಮಾತ್ರೆ ಕೊಟ್ಟರೆ ಬಡಿತ ಸರಿಹೋಗುತ್ತದೆ ಅಂತ ಮೊದಲೇ ಪರೀಕ್ಷಿಸಿ ನೋಡಿ, ಹಾಗೆ ಸರಿಹೋದವರನ್ನೇ ಅದಕ್ಕೆ ಸೇರಿಸಿಕೊಂಡರು. ಅವರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಔಷಧ. ಉಳಿದವರಿಗೆ ನೋಡಲು ಅದೇ ಥರ ಇರುವ, ಒಳಗೆ ಔಷಧವೇ ಇಲ್ಲದ ಪ್ಲಸೀಬೊ ಮಾತ್ರೆ. 1989ರಲ್ಲಿ ಈ ಎರಡು ಔಷಧಗಳನ್ನು ಕೊಡುವುದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸರಾಸರಿ ಹತ್ತು ತಿಂಗಳಲ್ಲಿ ಔಷಧ ತಗೊಂಡ 755 ಜನರಲ್ಲಿ 63 ಜನ ಸತ್ತಿದ್ದರು. ಪ್ಲಸೀಬೊ ತಗೊಂಡ 743 ಜನರಲ್ಲಿ ಸತ್ತವರು 26 ಜನ.

ಇಸಿಜಿ ಚೆನ್ನಾಗಿತ್ತು, ಜನ ಉಳಿಯಲಿಲ್ಲ.

ನಾನು ಹೃದ್ರೋಗಿಗಳನ್ನು ನೋಡುವವನು, ಟ್ರಯಲ್‌ಗಳಲ್ಲೂ ಕೆಲಸ ಮಾಡಿದವನು. ಹೊಸದಾಗಿ ಈ ಕೆಲಸಕ್ಕೆ ಬರುವ ವೈದ್ಯರಿಗೆ ನಾನು ಮೊದಲು ಹೇಳುವುದು ಕ್ಯಾಸ್ಟ್ ಕಥೆಯನ್ನೇ. ಇಲ್ಲಿ ಯೋಚಿಸಬೇಕಾದ ವಿಷಯ ಒಂದಿದೆ. ಅಷ್ಟು ಜನ ವೈದ್ಯರು ಆ ಮಾತ್ರೆಗಳನ್ನು ಬರೆದುಕೊಡುತ್ತಿದ್ದರಲ್ಲ, ಅವರಿಗೆ ಯಾಕೆ ಇದು ಕಾಣಿಸಲಿಲ್ಲ? ಕಾಣಿಸುವ ದಾರಿಯೇ ಇರಲಿಲ್ಲ. ಹಾರ್ಟ್ ಅಟ್ಯಾಕ್ ಆದ ರೋಗಿ ಆರು ತಿಂಗಳ ಮೇಲೆ ತೀರಿಕೊಂಡರೆ ಮನೆಯವರೂ ಡಾಕ್ಟರೂ ಕಾಯಿಲೆಯಿಂದಲೇ ಹೋದರು ಅಂದುಕೊಳ್ಳುತ್ತಾರೆ, ಬದುಕಿದರೆ ಮಾತ್ರೆಯಿಂದ ಬದುಕಿದರು ಅನ್ನುತ್ತಾರೆ. ಒಬ್ಬ ವೈದ್ಯ ಎಷ್ಟೇ ಅನುಭವಿಯಾಗಿರಲಿ, ನೂರಕ್ಕೆ ಮೂರು ಸಾವು ಎಂಟಾಗಿದೆ ಅನ್ನುವುದನ್ನು ಸುಮ್ನೆ ಕ್ಲಿನಿಕ್‌ನಲ್ಲಿ ಕೂತು ಗುರುತಿಸಲು ಆಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು, ಎರಡರಲ್ಲೂ ಸತ್ತವರನ್ನು ಎಣಿಸುವವರು ಬೇಕು.

ಇದರಲ್ಲಿ ಮನಸ್ಸಿಗೆ ನೋವಾಗುವ ಇನ್ನೊಂದು ಸಂಗತಿಯಿದೆ. 1980ರಲ್ಲೇ ಬ್ರಿಟನ್ನಿನಲ್ಲಿ ಇದೇ ಜಾತಿಯ ಲೋರ್ಕೈನೈಡ್ ಎಂಬ ಔಷಧದ ಒಂದು ಸಣ್ಣ ಟ್ರಯಲ್ ನಡೆದಿತ್ತು. ಔಷಧ ತಗೊಂಡ 48 ಜನರಲ್ಲಿ 9 ಜನ ಸತ್ತರು, ಪ್ಲಸೀಬೊದ 47 ಜನರಲ್ಲಿ ಒಬ್ಬರು. ಆ ಫಲಿತಾಂಶ ಅಚ್ಚಾಗಿದ್ದು 1993ರಲ್ಲಿ. ಆಗಲೇ ಹೊರಗೆ ಬಂದಿದ್ದರೆ ಅದೊಂದು ಮುನ್ನೆಚ್ಚರಿಕೆ ಆಗುತ್ತಿತ್ತು. ಟ್ರಯಲ್ ಶುರುವಾಗುವ ಮುಂಚೆಯೇ ಅದನ್ನು ಎಲ್ಲರಿಗೂ ಕಾಣುವ ಹಾಗೆ ನೋಂದಾಯಿಸಬೇಕು, ಏನನ್ನು ಎಣಿಸುತ್ತೇವೆ ಅಂತ ಮೊದಲೇ ಬರೆದಿಡಬೇಕು, ಫಲಿತಾಂಶ ಒಳ್ಳೆಯದಾಗಲಿ ಕೆಟ್ಟದಾಗಲಿ ಪ್ರಕಟಿಸಬೇಕು ಅಂತ ನಾವು ಪಟ್ಟು ಹಿಡಿಯುವುದು ಇದಕ್ಕೇ. ನೋಂದಣಿ ಬಂದ ಮೇಲೆ ಆದ ವ್ಯತ್ಯಾಸ ನೋಡಿ. ಅಮೆರಿಕ ಸರ್ಕಾರದ ಹೃದಯ ಸಂಶೋಧನಾ ಸಂಸ್ಥೆ ಹಣ ಕೊಟ್ಟ ದೊಡ್ಡ ಟ್ರಯಲ್‌ಗಳನ್ನು 2015ರಲ್ಲಿ ಲೆಕ್ಕ ಹಾಕಿದರು. 2000ಕ್ಕೆ ಮುಂಚಿನ 30 ಟ್ರಯಲ್‌ಗಳಲ್ಲಿ 17 ಲಾಭ ತೋರಿಸಿದ್ದವು, ಆಮೇಲಿನ 25ರಲ್ಲಿ ಬರೀ 2. ಔಷಧಗಳು ಏಕಾಏಕಿ ಕೆಟ್ಟುಹೋಗಿರಲಿಕ್ಕಿಲ್ಲ. ಏನನ್ನು ಎಣಿಸುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಆಮೇಲೆ ಬೇಕಾದ ಅಂಕಿ ಹೆಕ್ಕಿಕೊಳ್ಳುವುದು ಕಷ್ಟ.

ಹೃದಯ ವೈಫಲ್ಯದ ಕಥೆ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ನಮ್ಮ ಊಹೆ ಎರಡು ಕಡೆಯಿಂದಲೂ ತಲೆಕೆಳಗಾಯಿತು. ಹೃದಯದ ಪಂಪ್ ದುರ್ಬಲವಾಗಿದೆ ಅಂದರೆ ಜೋರಾಗಿ ಹಿಂಡುವ ಹಾಗೆ ಮಾಡಬೇಕು ಅನ್ನಿಸುವುದು ಸಹಜ. ಮಿಲ್ರಿನೋನ್ ಅದನ್ನೇ ಮಾಡುತ್ತದೆ. 1991ರಲ್ಲಿ 1088 ರೋಗಿಗಳ ಟ್ರಯಲ್‌ನಲ್ಲಿ ಮಿಲ್ರಿನೋನ್ ಮಾತ್ರೆ ಪ್ಲಸೀಬೊಗಿಂತ ಸಾವನ್ನು ಶೇ. 28ರಷ್ಟು ಹೆಚ್ಚಿಸಿತು. ಬೀಟಾ ಬ್ಲಾಕರ್ ಇದಕ್ಕೆ ಪೂರ್ತಿ ವಿರುದ್ಧ. ಅದು ಬಡಿತವನ್ನು ನಿಧಾನ ಮಾಡುತ್ತದೆ, ಹಿಂಡುವ ಬಲವನ್ನೂ ಇಳಿಸುತ್ತದೆ. ಹೃದಯ ವೈಫಲ್ಯ ಇರುವವರಿಗೆ ಅದನ್ನು ಕೊಡಲೇಬಾರದು ಅಂತ ವರ್ಷಗಟ್ಟಲೆ ಪಾಠ ಹೇಳುತ್ತಿದ್ದರು. 1999ರಲ್ಲಿ ಸಿಬಿಸ್-2 ಎಂಬ ಟ್ರಯಲ್‌ನ ಫಲಿತಾಂಶ ಬಂತು. 2647 ರೋಗಿಗಳು, ಬಿಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್. ಪ್ಲಸೀಬೊ ಗುಂಪಿನಲ್ಲಿ ಶೇ. 17.3 ಜನ ಸತ್ತಿದ್ದರೆ ಔಷಧದ ಗುಂಪಿನಲ್ಲಿ ಶೇ. 11.8. ಲಾಭ ಅಷ್ಟು ಸ್ಪಷ್ಟವಾಗಿತ್ತು ಅಂತ ಆ ಟ್ರಯಲ್ ಅನ್ನೂ ಬೇಗ ನಿಲ್ಲಿಸಿದರು. ದುರ್ಬಲ ಹೃದಯವನ್ನು ಅಡ್ರಿನಲಿನ್ ಹಗಲೂ ರಾತ್ರಿ ದುಡಿಸುತ್ತಲೇ ಇರುತ್ತದೆ, ಆ ಒತ್ತಡವೇ ಅದನ್ನು ಇನ್ನಷ್ಟು ಹಾಳು ಮಾಡುತ್ತದೆ, ಬೀಟಾ ಬ್ಲಾಕರ್ ಅದನ್ನು ತಡೆಯುತ್ತದೆ ಅಂತ ಈಗ ನಾವು ಸರಾಗವಾಗಿ ವಿವರಿಸುತ್ತೇವೆ. ಆದರೆ ವಿವರಣೆ ಯಾವತ್ತೂ ಸಿಗುತ್ತದೆ. ಹಳೆಯ ಪಾಠಕ್ಕೂ ಅಷ್ಟೇ ಚಂದದ ವಿವರಣೆ ಇತ್ತು.

ಇದು ಮುಗಿದ ಕಾಲದ ಮಾತಲ್ಲ. ಎಚ್‌ಡಿಎಲ್, ಅಂದರೆ ಎಲ್ಲರೂ ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದನ್ನು ಟೋರ್ಸೆಟ್ರಾಪಿಬ್ ಎಂಬ ಔಷಧ ಶೇ. 70ಕ್ಕೂ ಜಾಸ್ತಿ ಏರಿಸಿತು, ಕೆಟ್ಟದ್ದು ಅನ್ನುವ ಎಲ್‌ಡಿಎಲ್ ಅನ್ನು ಇಳಿಸಿತು. ಲ್ಯಾಬ್ ರಿಪೋರ್ಟ್ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. 15,067 ಜನರ ಟ್ರಯಲ್ ಅನ್ನು 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು, ಯಾಕೆಂದರೆ ಔಷಧ ತಗೊಂಡವರಲ್ಲೇ ಹೆಚ್ಚು ಜನ ಸತ್ತಿದ್ದರು. ಆ ಮಾತ್ರೆ ಬಿಪಿಯನ್ನೂ ಏರಿಸುತ್ತಿತ್ತು.

ಹಾಗಾದರೆ ಟ್ರಯಲ್ ಯಾಕೆ, ಮಾತ್ರೆ ತಗೊಳ್ಳುತ್ತಿರುವವರನ್ನೂ ತಗೊಳ್ಳದವರನ್ನೂ ಹೋಲಿಸಿ ನೋಡಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಕಾರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ಹಳೆಯ ಟ್ರಯಲ್‌ನಲ್ಲಿ ಕೊಲೆಸ್ಟ್ರಾಲ್ ಇಳಿಸುವ ಕ್ಲೋಫಿಬ್ರೇಟ್ ಮಾತ್ರೆಯನ್ನು ಸರಿಯಾಗಿ ನುಂಗಿದವರಲ್ಲಿ ಐದು ವರ್ಷದಲ್ಲಿ ಸುಮಾರು ಶೇ. 15 ಜನ ಸತ್ತರು, ಆಗಾಗ ಬಿಟ್ಟವರಲ್ಲಿ ಸುಮಾರು ಶೇ. 25. ನೋಡಿ, ಔಷಧದ ಶಕ್ತಿ ಅನ್ನಬಹುದಿತ್ತು. ಆದರೆ ಪ್ಲಸೀಬೊವನ್ನು ಸರಿಯಾಗಿ ನುಂಗಿದವರಲ್ಲೂ ಸತ್ತವರು ಶೇ. 15, ಬಿಟ್ಟವರಲ್ಲಿ ಶೇ. 28! ಒಳಗೆ ಔಷಧವೇ ಇಲ್ಲದ ಮಾತ್ರೆ ಅದು. ನಿಯಮವಾಗಿ ಮಾತ್ರೆ ನುಂಗುವವರು ಬೇರೆ ರೀತಿಯಲ್ಲೂ ತಮ್ಮನ್ನು ನೋಡಿಕೊಳ್ಳುತ್ತಾರೆ, ಬಿಡುವವರಲ್ಲಿ ಕೆಲವರು ಆಗಲೇ ಹೆಚ್ಚು ಕಾಯಿಲೆ ಬಿದ್ದಿರುತ್ತಾರೆ. ಈ ವ್ಯತ್ಯಾಸಗಳನ್ನು ಯಾವ ಲೆಕ್ಕಾಚಾರದಿಂದಲೂ ಪೂರ್ತಿ ತೆಗೆಯಲಾಗದು. ಯಾರಿಗೆ ಯಾವುದು ಅಂತ ಡಾಕ್ಟರೂ ನಿರ್ಧರಿಸದೆ, ರೋಗಿಯೂ ನಿರ್ಧರಿಸದೆ, ಚೀಟಿ ಎತ್ತಿದ ಹಾಗೆ ಹಂಚಿದರೆ ಮಾತ್ರ ಎರಡೂ ಗುಂಪು ಸರಿಸುಮಾರು ಒಂದೇ ಥರ ಇರುತ್ತವೆ.

ಅಡ್ಡ ಪರಿಣಾಮಕ್ಕೂ ಇದೇ ಮಾತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವಿನಂಥ ತೊಂದರೆ ಅಂತ ಬಿಟ್ಟವರನ್ನೇ ಸೇರಿಸಿ 60 ಜನರಲ್ಲಿ ಸ್ಯಾಮ್‌ಸನ್ ಎಂಬ ಟ್ರಯಲ್ ಮಾಡಿದರು, 2020ರಲ್ಲಿ ಫಲಿತಾಂಶ ಬಂತು. ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಪ್ಲಸೀಬೊ, ಕೆಲವು ತಿಂಗಳು ಏನೂ ಇಲ್ಲ. ಸ್ಟ್ಯಾಟಿನ್ ತಿಂಗಳುಗಳಲ್ಲಿ ಆದ ತೊಂದರೆಯ ಶೇ. 90ರಷ್ಟು ಪ್ಲಸೀಬೊ ತಿಂಗಳುಗಳಲ್ಲೂ ಆಯಿತು. ನೋವು ಸುಳ್ಳು ಅಂತ ದಯವಿಟ್ಟು ಅಂದುಕೊಳ್ಳಬೇಡಿ, ನೋವು ನಿಜವೇ. ಬಹುಪಾಲು ಅದು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಅನ್ನುವುದರಿಂದ, ಒಳಗಿನ ಔಷಧದಿಂದಲ್ಲ. ಇದನ್ನು ಕೇಳಿ ಎಷ್ಟೋ ಜನ ಮತ್ತೆ ಮಾತ್ರೆ ಶುರು ಮಾಡಲು ಒಪ್ಪುತ್ತಾರೆ.

ಪತ್ರಿಕೆಯಲ್ಲಿ ಸುದ್ದಿ ಓದುವಾಗ ಒಂದು ಲೆಕ್ಕ ನೆನಪಿರಲಿ. 1994ರ 4ಎಸ್ ಟ್ರಯಲ್‌ನಲ್ಲಿ 4444 ಹೃದ್ರೋಗಿಗಳಿದ್ದರು. ಸುಮಾರು ಐದೂವರೆ ವರ್ಷದಲ್ಲಿ ಪ್ಲಸೀಬೊ ಗುಂಪಿನಲ್ಲಿ 256 ಸಾವು, ಸಿಮ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ತಗೊಂಡ ಗುಂಪಿನಲ್ಲಿ 182. ಸಾವು ಶೇ. 30 ಕಡಿಮೆ ಆಯಿತು ಅಂತಲೂ ಹೇಳಬಹುದು, ನೂರು ಜನರಲ್ಲಿ ಹನ್ನೆರಡರ ಬದಲು ಎಂಟು ಜನ ಸತ್ತರು ಅಂತಲೂ ಹೇಳಬಹುದು. ಎರಡೂ ನಿಜ. ಎರಡನೆಯದನ್ನು ಕೇಳಿದ ರೋಗಿಗೆ ತನ್ನ ವಿಷಯ ಚೆನ್ನಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ಅನುಭವ. ಅಪಾಯ ಮೊದಲೇ ಕಡಿಮೆ ಇರುವವರಲ್ಲಿ ಅದೇ ಶೇ. 30 ತೀರಾ ಚಿಕ್ಕ ಸಂಖ್ಯೆಯಾಗುತ್ತದೆ.

ನಿಮ್ಮನ್ನೇ ಟ್ರಯಲ್‌ಗೆ ಸೇರಲು ಕೇಳಿದರೆ ಹೆದರಬೇಕಾಗಿಲ್ಲ, ಆದರೆ ಪ್ರಶ್ನೆ ಕೇಳಿ. ಈಗ ತಗೊಳ್ಳುತ್ತಿರುವ ಮಾತ್ರೆಗಳು ಮುಂದುವರಿಯುತ್ತವಾ? ಹೃದಯದ ಬಹುತೇಕ ಟ್ರಯಲ್‌ಗಳಲ್ಲಿ ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇದ್ದೇ ಇರುತ್ತದೆ, ಹೊಸ ಔಷಧವೋ ಪ್ಲಸೀಬೊವೋ ಅದರ ಮೇಲೆ ಸೇರಿಕೊಳ್ಳುತ್ತದೆ. ಕೊನೆಗೆ ಏನನ್ನು ಎಣಿಸುತ್ತಾರೆ, ಸಾವು ಮತ್ತು ಹಾರ್ಟ್ ಅಟ್ಯಾಕ್ ಅನ್ನೋ ಬರೀ ರಕ್ತದ ಅಂಕಿಯನ್ನೋ? ನಡುವೆ ಲೆಕ್ಕ ನೋಡುವ ಸ್ವತಂತ್ರ ಸಮಿತಿ ಇದೆಯಾ? ಕ್ಯಾಸ್ಟ್ ನಿಂತಿದ್ದು ಅಂಥ ಸಮಿತಿಯಿಂದಲೇ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರುವ ಹಕ್ಕು ನಿಮಗಿದೆ, ಬಂದರೆ ನಿಮ್ಮ ಚಿಕಿತ್ಸೆ ನಿಲ್ಲಬಾರದು. ಸಹಿ ಹಾಕಲು ಅವಸರ ಮಾಡುವವರಿದ್ದರೆ ಸಹಿ ಹಾಕಬೇಡಿ, ಕಾಗದ ಮನೆಗೆ ತಂದು ಓದಿ. ವಯಸ್ಸಾದವರು, ಹೆಂಗಸರು, ಕಿಡ್ನಿ ತೊಂದರೆ ಇರುವವರು ಇಂಥ ಟ್ರಯಲ್‌ಗಳಲ್ಲಿ ಕಡಿಮೆ ಇರುತ್ತಾರೆ. ಅವರಿಗೆ ಔಷಧ ಎಷ್ಟು ಉಪಯೋಗ ಅಂತ ಹೇಳುವಾಗ ನಮ್ಮ ಕೈಯಲ್ಲಿ ಆಧಾರವೂ ಅಷ್ಟೇ ಕಡಿಮೆ. ಇದು ಬದಲಾಗಲೇಬೇಕು.

ಒಮ್ಮೆ ಸಾಬೀತಾದ ಔಷಧವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಹಾರ್ಟ್ ಅಟ್ಯಾಕ್ ಆದ ಎಲ್ಲರಿಗೂ ಬೀಟಾ ಬ್ಲಾಕರ್ ಅನ್ನುವ ರೂಢಿ ಬಂದದ್ದು ಸ್ಟೆಂಟ್, ಸ್ಟ್ಯಾಟಿನ್ ಇಲ್ಲದ ಕಾಲದಲ್ಲಿ. 2024ರಲ್ಲಿ ರೆಡ್ಯೂಸ್-ಎಎಂಐ ಎಂಬ ಟ್ರಯಲ್ ಬಂತು. ಅಟ್ಯಾಕ್ ಆದರೂ ಹೃದಯದ ಪಂಪ್ ಮಾಡುವ ಶಕ್ತಿ ಚೆನ್ನಾಗಿ ಉಳಿದಿದ್ದ 5020 ಜನರಲ್ಲಿ ಬೀಟಾ ಬ್ಲಾಕರ್‌ನಿಂದ ಸಾವಾಗಲಿ ಮತ್ತೊಂದು ಅಟ್ಯಾಕ್ ಆಗಲಿ ಗಮನಾರ್ಹವಾಗಿ ಕಡಿಮೆ ಆಗಲಿಲ್ಲ. ಅದೇ ವರ್ಷ ಅಬಿಸ್ ಎಂಬ ಇನ್ನೊಂದು ಟ್ರಯಲ್, ಆಗಲೇ ತಗೊಳ್ಳುತ್ತಿದ್ದವರು ನಿಲ್ಲಿಸಿದರೆ ಮುಂದುವರಿಸಿದಷ್ಟೇ ಸುರಕ್ಷಿತ ಅಂತ ತೋರಿಸಲು ಸೋತಿತು. ಶುರು ಮಾಡುವುದು ಬೇಕಾ ಅನ್ನುವುದೂ, ನಡೆಯುತ್ತಿರುವುದನ್ನು ನಿಲ್ಲಿಸಬಹುದಾ ಅನ್ನುವುದೂ ಬೇರೆ ಬೇರೆ ಪ್ರಶ್ನೆ. ಆದ್ದರಿಂದ ಸುದ್ದಿ ಓದಿ ಮಾತ್ರೆ ಬಿಡಬೇಡಿ, ಬೀಟಾ ಬ್ಲಾಕರ್ ಅನ್ನು ದಿಢೀರ್ ಅಂತ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ನಿಮ್ಮ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತಗೊಂಡು ಹೋಗಿ ಡಾಕ್ಟರ ಮುಂದಿಟ್ಟು ಕೇಳಿ: ನನ್ನಂಥವರ ಮೇಲೆ ಟ್ರಯಲ್ ಆಗಿದೆಯಾ, ಅದರಲ್ಲಿ ಏನು ಗೊತ್ತಾಯಿತು?