ಎಂಆರ್‌ಐ ಇಂಜೆಕ್ಷನ್ನಿನೊಳಗೆ ಒಂದು ಲೋಹ

ಎಂಆರ್‌ಐಗೆ ಬಂದವರಿಗೆ "ಕಾಂಟ್ರಾಸ್ಟ್ ಕೊಡಬೇಕಾಗುತ್ತೆ" (ಚಿತ್ರದಲ್ಲಿ ಬೇಕಾದ ಜಾಗ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಅಂದರೆ ಸಾಮಾನ್ಯವಾಗಿ ಬರುವ ಪ್ರಶ್ನೆ: "ಡಾಕ್ಟ್ರೇ, ಸಿಟಿ ಸ್ಕ್ಯಾನಿಗೆ ಕೊಟ್ಟಿದ್ರಲ್ಲ, ಅದೇ ಔಷಧಿನಾ?" ಅಲ್ಲ. ಅದು ಅಯೋಡಿನ್. ಇದರಲ್ಲಿರುವುದು ಗ್ಯಾಡೊಲಿನಿಯಂ. ರೇರ್ ಅರ್ಥ್ ಎಂದು ಕರೆಯುವ 17 ಧಾತುಗಳಲ್ಲಿ ಒಂದು, ಪರಮಾಣು ಸಂಖ್ಯೆ 64. 60 ಕಿಲೋ ತೂಕದವರಿಗೆ ಕೊಡುವ ಸಾಮಾನ್ಯ ಡೋಸಿನಲ್ಲಿ ಈ ಲೋಹ ಒಂದು ಗ್ರಾಮಿಗೂ ತುಸು ಕಡಿಮೆ ಇರುತ್ತದೆ.

ನೋಡಲು ಬೆಳ್ಳಿ ಬಣ್ಣ, ಮೆದು. ವಿಚಿತ್ರ ಇರುವುದು ಅದರ ಕಾಂತಗುಣದಲ್ಲಿ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಕಬ್ಬಿಣದ ಹಾಗೆ ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟುತ್ತದೆ. ಫ್ರಿಜ್‌ನಿಂದ ತೆಗೆದ ತುಂಡನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದರೆ ಆ ಹಿಡಿತ ಸಡಿಲಾಗುತ್ತದೆ. 1880ರಲ್ಲಿ ಜಿನೀವಾದ ರಸಾಯನಶಾಸ್ತ್ರಜ್ಞ ಮರಿನ್ಯಾಕ್ ಖನಿಜಗಳ ಬೆಳಕಿನ ಗೆರೆಗಳಲ್ಲಿ ಇದರ ಸುಳಿವು ಹಿಡಿದರು. 1886ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್ ಇದರ ಆಕ್ಸೈಡನ್ನು ಬೇರ್ಪಡಿಸಿದರು.

ಇದರ ಪರಮಾಣುವಿನ ಒಳಪದರದಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ. ನಮಗೆ ಬೇಕಿರುವುದು ಅವೇ. ರಿಯಾಕ್ಟರಿನವರಿಗೆ ಬೇಕಿರುವುದು ನಡುವಿನ ನ್ಯೂಕ್ಲಿಯಸ್. ನ್ಯೂಟ್ರಾನ್ ನುಂಗುವುದರಲ್ಲಿ ಗ್ಯಾಡೊಲಿನಿಯಂ-157ನ್ನು ಮೀರಿಸುವ ಸ್ಥಿರ ಐಸೊಟೋಪ್ ಇಲ್ಲ. ಅದಕ್ಕೇ ಹೊಸ ಅಣು ಇಂಧನದ ಬಿರುಸು ತಗ್ಗಿಸಲು ಇದನ್ನು ಬೆರೆಸುತ್ತಾರೆ. ಜಪಾನಿನ ಸೂಪರ್ ಕಮಿಯೊಕಾಂಡೆ ನ್ಯೂಟ್ರಿನೊ ಪ್ರಯೋಗದ ನೀರಿಗೂ 2020ರಲ್ಲಿ ಇದರ ಲವಣ ಸುರಿದರು!

ನಮ್ಮ ಕೆಲಸಕ್ಕೆ ಬರೋಣ. ಎಂಆರ್‌ಐ ಗಮನಿಸುವುದು ಮುಖ್ಯವಾಗಿ ಮೈಯೊಳಗಿನ ನೀರಿನ ಹೈಡ್ರೋಜನ್ನನ್ನು. ರೇಡಿಯೊ ಅಲೆ ತಾಗಿ ಕದಲಿದ ಹೈಡ್ರೋಜನ್ ಮತ್ತೆ ಮೊದಲಿನ ಸ್ಥಿತಿಗೆ ಬರಲು ಒಂದಿಷ್ಟು ಹೊತ್ತು ಬೇಕು. ಪಕ್ಕದಲ್ಲಿ ಗ್ಯಾಡೊಲಿನಿಯಂ ಇದ್ದರೆ ಆ ಏಳು ಎಲೆಕ್ಟ್ರಾನ್‌ಗಳ ಕಾಂತಗುಣದಿಂದ ಬೇಗ ಬರುತ್ತದೆ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಆರೋಗ್ಯವಾಗಿರುವ ಮೆದುಳಿನ ರಕ್ತನಾಳಗಳು ಇದನ್ನು ಹೊರಗೆ ಬಿಡುವುದಿಲ್ಲ. ಗಡ್ಡೆಯೋ ಕೀವೋ ಆದ ಕಡೆ ಸೋರುತ್ತದೆ. ಸುತ್ತಲಿನ ಬೂದು ಬಣ್ಣದಲ್ಲಿ ಬೆರೆತುಹೋಗಿದ್ದ ಸಣ್ಣ ಗಡ್ಡೆಯ ಅಂಚು ಆಗ ಬಿಳಿ ಉಂಗುರವಾಗಿ ಎದ್ದು ಕಾಣುತ್ತದೆ.

ಆದರೆ ಬರೀ ಗ್ಯಾಡೊಲಿನಿಯಂ ಅಯಾನ್ ವಿಷ. ಗಾತ್ರದಲ್ಲಿ ಹೆಚ್ಚುಕಮ್ಮಿ ಕ್ಯಾಲ್ಸಿಯಂನಷ್ಟೇ ಇರುವುದರಿಂದ ಅದರ ದಾರಿಗೆ ಅಡ್ಡ ಕೂರುತ್ತದೆ. ಹಾಗಾಗಿ ಇನ್ನೊಂದು ಅಣುವಿನ ಪಂಜರದೊಳಗೆ ಕೂಡಿಹಾಕಿ ಕೊಡುತ್ತಾರೆ. ಪಂಜರದಲ್ಲಿ ಎರಡು ಬಗೆ: ಸರಪಳಿಯಂತೆ ತೆರೆದಿರುವ ಲೀನಿಯರ್, ಸುತ್ತಲೂ ಮುಚ್ಚಿದ ಮ್ಯಾಕ್ರೊಸೈಕ್ಲಿಕ್. ಎರಡನೆಯದು ಜಾಸ್ತಿ ಭದ್ರ. ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗಿ ಕೀಲು ಮಡಚಲಾಗದ ಎನ್‌ಎಸ್‌ಎಫ್ ಎಂಬ ಕಾಯಿಲೆಗೂ ಈ ಇಂಜೆಕ್ಷನ್ನಿಗೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಬಹುಪಾಲು ಪ್ರಕರಣಗಳು ಕೆಲವು ಲೀನಿಯರ್ ಬಗೆಯವು. ಮೆದುಳಿನಲ್ಲಿ ಲೋಹ ಉಳಿಯುತ್ತದೆ ಎಂಬ ಕಾರಣಕ್ಕೆ 2017ರಲ್ಲಿ ಯುರೋಪು ಲೀನಿಯರ್ ಬಗೆಯ ಹಲವನ್ನು ತಡೆಹಿಡಿಯಿತು.

ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳುವುದು ಇದಕ್ಕೇ, ಸುಮ್ನೆ ಅಲ್ಲ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿರುವ ಔಷಧಿ ಅರ್ಧಕ್ಕಿಳಿಯುತ್ತದೆ. ಚೂರುಪಾರು ಮೆದುಳಿನಲ್ಲಿ, ಮೂಳೆಯಲ್ಲಿ ಉಳಿಯುವುದೂ ಉಂಟು. ಅದರಿಂದ ಮೆದುಳಿಗೆ ಹಾನಿ ಎಂದು ಸಾಬೀತಾಗಿಲ್ಲ. ಹಾಗಂತ ಮಾಮೂಲಿ ಸೊಂಟನೋವಿನ ಸ್ಕ್ಯಾನಿಗೆ ನಾನು ಕಾಂಟ್ರಾಸ್ಟ್ ಬರೆಯುವುದಿಲ್ಲ. ಗಡ್ಡೆಯ ಅನುಮಾನ ಇದ್ದಲ್ಲಿ ಮಾತ್ರ ಹಿಂಜರಿಯುವುದೂ ಇಲ್ಲ. ಕಿಡ್ನಿ ತೊಂದರೆ, ಗರ್ಭ, ಹಿಂದೆ ಕಾಂಟ್ರಾಸ್ಟ್‌ನಿಂದ ಆದ ಅಲರ್ಜಿ, ಇಷ್ಟನ್ನು ಸೂಜಿ ಚುಚ್ಚುವ ಮೊದಲೇ ಹೇಳಿಬಿಡಿ.