ಅಲಾಯ್ ಚಕ್ರದ ಕಂದು ಕಲೆ ಶಾಂಪೂಗೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನಾವು ಪುಣೆಯ ವಾರ್ಜೆಯಲ್ಲಿದ್ದೇವೆ. ಊರು ಹುಬ್ಬಳ್ಳಿ, ತಿಂಗಳಿಗೊಮ್ಮೆಯಾದರೂ ಗಾಡಿಯಲ್ಲೇ ಹೋಗಿ ಬರುತ್ತೇವೆ. ಮೂರು ವರ್ಷದ ಗಾಡಿ, ಅಲಾಯ್ ಚಕ್ರ. ಮುಂದಿನ ಎರಡರ ಮೇಲೂ ಕಂದು ಚುಕ್ಕೆ ಕೂತುಬಿಟ್ಟಿವೆ. ಎಡಗಡೆಯದರಲ್ಲಿ ಇನ್ನೂ ಜಾಸ್ತಿ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಉಜ್ಜುವುದನ್ನು ನಿಲ್ಲಿಸಿ. ಅದು ಮಣ್ಣಲ್ಲ, ತುಕ್ಕು.

ಬ್ರೇಕ್ ಒತ್ತಿದಾಗ ಪ್ಯಾಡುಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಡಿಸ್ಕ್ ಎರಕದ ಕಬ್ಬಿಣದ್ದು. ಪ್ಯಾಡಿನಲ್ಲೂ ಸಾಮಾನ್ಯವಾಗಿ ಉಕ್ಕಿನ ಎಳೆ, ಲೋಹದ ಪುಡಿ, ಎಲ್ಲವನ್ನೂ ಕಚ್ಚಿ ಹಿಡಿಯುವ ಅಂಟು ಇರುತ್ತವೆ. ಎರಡೂ ಸವೆದು ಪುಡಿ ಏಳುತ್ತದೆ. ಬಿಸಿಬಿಸಿಯಾಗಿಯೇ ಬಂದು ಚಕ್ರದ ಮೇಲೆ ಕೂರುತ್ತದೆ. ಆಮೇಲೆ ಒಂದು ಮಳೆ ಬಿದ್ದರೆ ಸಾಕು, ಕಬ್ಬಿಣದ ಕಣ ತುಕ್ಕು ಹಿಡಿದು ಚಕ್ರದ ಮೇಲಿನ ಲ್ಯಾಕರ್ ಎಂಬ ಪಾರದರ್ಶಕ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಶಾಂಪೂ ಎಣ್ಣೆ, ಮಣ್ಣು ಬಿಡಿಸುತ್ತದೆ. ಕಚ್ಚಿಕೊಂಡ ಕಬ್ಬಿಣ ಅದರ ಕೈಗೆ ಸಿಗುವುದಿಲ್ಲ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಚಕ್ರ ತೊಳೆದು, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೆಲ್ಲಗೆ ಬೆರಳಾಡಿಸಿ. ಕಣ್ಣಿಗೆ ನುಣುಪಾಗಿ ಕಂಡ ಜಾಗ ರವೆ ಉದುರಿಸಿದ ಹಾಗೆ ತರಿತರಿ ಅನ್ನಿಸುತ್ತದೆ. ಹಿಂದಿನ ಚಕ್ರದ ಮೇಲೂ ಆಡಿಸಿ. ಅಲ್ಲಿ ಕಡಿಮೆ ಇರುತ್ತದೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದಲ್ಲ, ಹೆಚ್ಚು ಕೆಲಸ ಮುಂದಿನ ಬ್ರೇಕಿಗೇ. ಅಲ್ಲದೆ ನಮ್ಮ ಎಷ್ಟೋ ಗಾಡಿಗಳಿಗೆ ಹಿಂದೆ ಡ್ರಮ್ ಬ್ರೇಕ್. ಅದರ ಪುಡಿ ಹೆಚ್ಚಾಗಿ ಡ್ರಮ್ಮಿನ ಒಳಗೇ ಉಳಿಯುತ್ತದೆ.

ಇದಕ್ಕೆ ಬೇಕಾದ್ದು ಐರನ್ ರಿಮೂವರ್. ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಸ್ಪ್ರೇ ಬಾಟಲಿಯಲ್ಲಿ ಸಿಗುತ್ತದೆ. ಆ್ಯಸಿಡ್ ಇಲ್ಲದ್ದನ್ನು, ಅಂದರೆ ಪಿಎಚ್ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೊಲೇಟ್. ಕೂದಲು ತೆಗೆಯುವ ಕ್ರೀಮಿನಲ್ಲಿ ಇರುವುದೂ ಇದೇ ಕುಟುಂಬದ ರಾಸಾಯನಿಕ. ಹಾಗಾಗಿ ವಾಸನೆಯೂ ಅದೇ, ಕೊಳೆತ ಮೊಟ್ಟೆಯ ಹತ್ತಿರದ್ದು. ಮೂಗು ಮುಚ್ಚಿಕೊಳ್ಳಲೇಬೇಕು.

ಬೆಳಿಗ್ಗೆ, ನೆರಳಿನಲ್ಲಿ, ಚಕ್ರ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಹೊರಗಡೆ ಸುತ್ತಾಡಿ ಬಂದ ತಕ್ಷಣ ಬೇಡ, ಬಿಸಿಗೆ ದ್ರಾವಣ ಒಣಗಿ ಅದೇ ಒಂದು ಹೊಸ ಕಲೆಯಾಗುತ್ತದೆ. ಮೊದಲು ನೀರು, ಶಾಂಪೂ. ಒಣ ಪುಡಿಯನ್ನು ಬ್ರಷ್‌ನಿಂದ ಕೊಡವಬೇಡಿ, ಗಾಳಿ ಹೊಡೆಯಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಾರದ ವಸ್ತು. ತೊಳೆದ ಮೇಲೆ ಗ್ಲೌಸ್ ಹಾಕಿಕೊಂಡು ಸ್ಪ್ರೇ ಮಾಡಿ, ಸುಮ್ನೆ ನಿಂತುಕೊಳ್ಳಿ.

ಮುಂದಿನ ಮೂರು ನಾಲ್ಕು ನಿಮಿಷವೇ ಮಜಾ. ನಟ್ಟುಗಳ ಸುತ್ತ ಮೊದಲು ನೇರಳೆ ಬಣ್ಣದ ಚುಕ್ಕೆ ಏಳುತ್ತದೆ. ಆಮೇಲೆ ಕಡ್ಡಿಗಳ ಸಂದಿಯಿಂದ ಗೆರೆಗೆರೆಯಾಗಿ ಇಳಿದು, ನೇರಳೆ ಹಣ್ಣು ಹಿಂಡಿದ ಹಾಗೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನಾನು ಮೊದಲ ಸಲ ಮಾಡಿದಾಗ ಸೊಸೈಟಿಯ ಪಕ್ಕದ ಮನೆಯ ಕಾಕು ಓಡಿ ಬಂದು "ರಂಗ್ ಗೇಲಾ ಕಾ?" ಅಂದರು. ಗಾಡಿಯ ಬಣ್ಣ ಹೋಗಿಲ್ಲ, ಕಬ್ಬಿಣ ಕರಗುತ್ತಿರುವ ಬಣ್ಣ ಅದು. ಒಣಗುವ ಮುಂಚೆ ಮೆತ್ತನೆ ಬ್ರಷ್‌ನಿಂದ ಸಂದಿಗಳಲ್ಲಿ ಆಡಿಸಿ, ಧಾರಾಳವಾಗಿ ನೀರು ಹಾಕಿ. ಟ್ಯಾಂಕರ್ ನೀರಿನ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಒಂದು ಬಕೆಟ್ಟಿಗೆ ಮುಗಿಯುವುದಿಲ್ಲ.

ಮೂರು ವರ್ಷದ ಕೊಳೆ ಒಂದೇ ಸಲಕ್ಕೆ ಹೋಗಲಿಕ್ಕಿಲ್ಲ. ಇನ್ನೊಂದು ಸಲ ಹಾಕಿ. ಎರಡನೇ ಸಲಕ್ಕೆ ನೇರಳೆ ಬಣ್ಣವೇ ಬರದೆ, ಕಪ್ಪು ಚುಕ್ಕೆ ಮಾತ್ರ ಉಳಿದರೆ ಅದು ಡಾಂಬರು. ಅದಕ್ಕೆ ಟಾರ್ ರಿಮೂವರ್ ಬೇರೆ. ನಡುವೆ ಬಿಳಿಯ ಹುಡಿ, ಗುಳ್ಳೆ ಕಂಡರೆ ಲ್ಯಾಕರ್ ಒಡೆದು ಒಳಗಿನ ಅಲ್ಯೂಮಿನಿಯಂಗೇ ಪೆಟ್ಟು ಬಿದ್ದಿದೆ ಅಂತ. ಅದು ಯಾವ ಬಾಟಲಿಗೂ ಸರಿಹೋಗುವುದಿಲ್ಲ, ಬಣ್ಣ ತೆಗೆಸಿ ಮತ್ತೆ ಹೊಡೆಸಬೇಕು.

ಬಿಳಿಯ ಹುಡಿಯ ವಿಷಯ ನನಗೆ ಹೇಗೆ ಗೊತ್ತು ಅಂದರೆ, ನಾನೇ ಮಾಡಿಕೊಂಡಿದ್ದೇನೆ. ಹಳೆ ಗಾಡಿಯ ಚಕ್ರಕ್ಕೆ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುರಿದಿದ್ದೆ. ಕಲೆ ಹೋಯಿತು ನಿಜ. ಜೊತೆಗೆ ಹೊಳಪೂ ಹೋಯಿತು. ಅಂಗೈಯಗಲದ ಜಾಗ ಸುಣ್ಣ ಬಳಿದ ಹಾಗೆ ಆಗಿ, ಗಾಡಿ ಮಾರುವವರೆಗೂ ಹಾಗೇ ಇತ್ತು. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಕೂಡ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವ ಸಲಹೆಯೂ ಊರಿನಿಂದ ಬರುತ್ತದೆ. ಹಿತ್ತಾಳೆ ತಂಬಿಗೆ ಬರಿ ಲೋಹ, ತಿಕ್ಕಿದಷ್ಟೂ ಹೊಳೆಯುತ್ತದೆ. ಇದರ ಮೇಲೆ ಲ್ಯಾಕರ್ ಇದೆ, ತಿಕ್ಕಿದಷ್ಟೂ ಗೀರು.

ಕಲೆ ಹೋದ ಮೇಲೆ ಮತ್ತೆ ಬರುತ್ತದೆ. ಬ್ರೇಕ್ ಇರುವವರೆಗೂ ಪುಡಿ ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಶಾಂಪೂ ನೀರು, ಮೂರು ನಾಲ್ಕು ತಿಂಗಳಿಗೊಮ್ಮೆ ಐರನ್ ರಿಮೂವರ್, ಒಣಗಿದ ಮೇಲೆ ಮೇಣದ ಒಂದು ತೆಳು ಲೇಪ. ಅಷ್ಟು ಮಾಡಿದರೆ ಕಚ್ಚಿಕೊಳ್ಳುವ ಮಟ್ಟಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಗಾಡಿ ಒರೆಸುವ ಹುಡುಗನಿಗೆ ಚಕ್ರಕ್ಕೆ ಬೇರೆ ಬಟ್ಟೆ ಕೊಡಿ. ಅದೇ ಬಟ್ಟೆ ಬಾನೆಟ್‌ಗೆ ಹೋದರೆ ಕಬ್ಬಿಣದ ಪುಡಿಯಿಂದ ಬಣ್ಣ ಉಜ್ಜಿದಂತೆ.

ಇನ್ನು ಊರಿಂದ ವಾಪಸ್ ಬರುವಾಗ. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಜಾರು ಇದೆಯಲ್ಲ, ಅಪಘಾತಕ್ಕೆ ಹೆಸರಾದದ್ದು. ಅಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವವರು ಬಹಳ. ಮೂರನೇ ಗೇರಿಗೆ ಹಾಕಿ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಪ್ಯಾಡು ಉಳಿಯುತ್ತದೆ, ಬ್ರೇಕ್ ಕಾದು ಕೈಕೊಡುವುದೂ ತಪ್ಪುತ್ತದೆ. ಚಕ್ರದ ಕೊಳೆ ಕಡಿಮೆಯಾಗುವುದು ಅದರ ಮುಂದೆ ಏನೂ ಅಲ್ಲ.

ಕೊನೆಗೆ ನಿಮ್ಮ ಎಡಗಡೆಯ ಚಕ್ರ. ಎರಡೂ ಕಡೆ ಪುಡಿ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಒಂದೇ ಕಡೆ ಜಾಸ್ತಿ ಅಂದರೆ ಆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿರಬಹುದು. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಎರಡೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ. ಎಡಗಡೆ ಶಾಖ ಜಾಸ್ತಿ ಇದ್ದರೆ, ಸುಟ್ಟ ವಾಸನೆ ಬಂದರೆ, ಗ್ಯಾರೇಜಿನಲ್ಲಿ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್‌ನ ಪಿನ್ನು, ಪಿಸ್ಟನ್ ಬಿಚ್ಚಿ ನೋಡಲು ಹೇಳಿ. ಚಕ್ರ ತೊಳೆಯುವ ಮುಂಚೆಯೇ ಹೋಗಿ, ಆ ಕೊಳೆ ಮೆಕ್ಯಾನಿಕ್ ಕಣ್ಣಿಗೂ ಬೀಳಲಿ.