ಕಹಿ ಗೆಣಸು, ಕಟ್ಟಿದ ಕಾಲು

1981ರಲ್ಲಿ ಮೊಜಾಂಬಿಕ್‌ನ ಉತ್ತರಕ್ಕಿರುವ ನಾಂಪುಲಾ ಪ್ರಾಂತ್ಯದ ಹಳ್ಳಿಗಳಲ್ಲಿ, ಹಿಂದಿನ ದಿನದವರೆಗೂ ಓಡಾಡಿಕೊಂಡಿದ್ದ ಹೆಂಗಸರೂ ಮಕ್ಕಳೂ ಎರಡೂ ಕಾಲು ಸೆಟೆದು ನಿಲ್ಲಲಾರದಂತಾದರು. ಸಾವಿರಕ್ಕೂ ಹೆಚ್ಚು ಜನ ಹೀಗೆ ಕುಸಿದಾಗ, ಇದು ಅಂಟುರೋಗವಿರಬಹುದೆಂಬ ಭಯದಿಂದ ನಕಾಲಾ ಪಟ್ಟಣದ ರಸ್ತೆಯನ್ನು ಮುಚ್ಚಲಾಯಿತು. ದೋಣಿಯಲ್ಲಿ ಸಮುದ್ರದ ದಾರಿ ಹಿಡಿದ ತಾಯಂದಿರೂ ಮಕ್ಕಳೂ ಮುಳುಗಿ ಸತ್ತರು. ರಸ್ತೆ ಮುಚ್ಚಲು ಒಪ್ಪಿಗೆ ಕೊಟ್ಟಿದ್ದ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಅವರನ್ನು ಈ ಸಾವುಗಳು ಬಹುಕಾಲ ಕಾಡಿದವು. ರೋಗಕ್ಕೆ ಕಾರಣ ಸೋಂಕಾಗಿರಲಿಲ್ಲ. ದಿನದ ಊಟವಾಗಿದ್ದ ಮರಗೆಣಸಾಗಿತ್ತು.

ಕಾಂಗೋದಲ್ಲಿ ಇಟಲಿಯ ವೈದ್ಯ ಟ್ರೋಲಿ 1938ರಲ್ಲೇ ಈ ರೋಗವನ್ನು ವಿವರಿಸಿದ್ದರು. ಅಲ್ಲಿನ ಯಾಕಾ ಜನ ಇದನ್ನು ಕರೆಯುತ್ತಿದ್ದುದು ‘ಕೊಂಜೊ’ ಎಂದು, ಅಂದರೆ ಕಟ್ಟಿಹಾಕಿದ ಕಾಲು. ಒಮ್ಮೆ ಬಂದ ಸೆಟೆತ ಹೆಚ್ಚುವುದೂ ಇಲ್ಲ, ವಾಸಿಯಾಗುವುದೂ ಇಲ್ಲ.

ಮರಗೆಣಸಿನ ಜೀವಕೋಶದಲ್ಲಿ ಲಿನಮರಿನ್ ಎಂಬ ಸಕ್ಕರೆಯ ಸಂಯುಕ್ತವಿದೆ. ಅದನ್ನು ಒಡೆಯುವ ಲಿನಮರೇಸ್ ಎಂಬ ಕಿಣ್ವ ಬೇರೊಂದು ಜಾಗದಲ್ಲಿದೆ. ಎಲೆ, ಅಡಿಕೆ, ಸುಣ್ಣ ಸಂಚಿಯಲ್ಲಿರುವವರೆಗೆ ಕೆಂಪಾಗುವುದಿಲ್ಲ, ಬಾಯಲ್ಲಿ ಅಗಿದಾಗಲೇ ಆಗುವುದು. ಕಡ್ಡಿಯೂ ಪೆಟ್ಟಿಗೆಯ ಬದಿಯೂ ಉಜ್ಜಿಕೊಂಡಾಗಲೇ ಬೆಂಕಿ ಹುಟ್ಟುವುದು. ಹಾಗೆಯೇ ಇಲಿಯೋ ಹಂದಿಯೋ ಗೆಣಸನ್ನು ಕಚ್ಚಿದಾಗ ಎರಡೂ ಕೂಡಿ, ಕೊನೆಗೆ ಸಯನೈಡ್ ಬಿಡುಗಡೆಯಾಗುತ್ತದೆ. ವಿಚಿತ್ರವೆಂದರೆ ಈ ಕೂಡುವಿಕೆಯೇ ಮನುಷ್ಯನಿಗೆ ರಕ್ಷೆ: ಗೆಣಸನ್ನು ತುರಿದರೆ, ಜಜ್ಜಿದರೆ, ದಿನಗಟ್ಟಲೆ ನೀರಲ್ಲಿ ಕೊಳೆಹಾಕಿದರೆ ಸಯನೈಡ್ ಊಟಕ್ಕೆ ಮೊದಲೇ ಗಾಳಿಗೋ ನೀರಿಗೋ ಸೇರಿಹೋಗುತ್ತದೆ. ಕಹಿ ಗೆಣಸನ್ನು ಹಾಗೆಯೇ ಕುದಿಸಿದರೆ ಶಾಖಕ್ಕೆ ಕಿಣ್ವ ಮಾತ್ರ ಸತ್ತು, ಲಿನಮರಿನ್ ಬಹುಪಾಲು ಉಳಿಯುತ್ತದೆ. (ನಾವು ತಿನ್ನುವ ಸಬ್ಬಕ್ಕಿಯೂ ಮರಗೆಣಸಿನದೇ, ಅದರ ಪಿಷ್ಟವನ್ನು ತುರಿದು ತೊಳೆದು ತೆಗೆಯುವುದರಿಂದ ಉಪವಾಸದವರು ಹೆದರಬೇಕಿಲ್ಲ.)

ಹಾಗಿದ್ದರೆ ಆ ಹೆಂಗಸರಿಗೆ ಇದು ತಿಳಿದಿರಲಿಲ್ಲವೇ? ಮೂಢರು, ಅಜ್ಞಾನಿಗಳು ಎಂದು ದೂರದಿಂದ ತೀರ್ಪು ಕೊಡುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ಕಹಿ ತಳಿಯನ್ನು ಅವರು ನೆಡುವುದೇ ಲೆಕ್ಕ ಹಾಕಿ: ಕಾಡುಪ್ರಾಣಿ ತಿನ್ನದು, ಕಳ್ಳ ಕಿತ್ತು ಹಸಿಯಾಗಿ ತಿನ್ನಲಾರ, ಬಡ ಮಣ್ಣಿನಲ್ಲೂ ಬರುತ್ತದೆ. ಅದನ್ನು ಹದಗೊಳಿಸುವ ವಿದ್ಯೆಯೂ ಅವರಿಗಿತ್ತು. ಅವರಿಗಿಲ್ಲದಿದ್ದುದು ಕಾಯುವಷ್ಟು ದಿನಗಳು. ಬರ ಬಂದಾಗ ಗೆಣಸಿನಲ್ಲಿ ವಿಷ ಏರುತ್ತದೆ, ಬೇರೆ ಬೆಳೆ ಒಣಗುತ್ತದೆ, ಮನೆಯಲ್ಲಿ ಹಸಿದ ಮಕ್ಕಳಿರುತ್ತಾರೆ. ವಾರಗಟ್ಟಲೆ ಒಣಗಬೇಕಾದದ್ದು ಬೇಗ ಒಲೆಗೆ ಹೋಗುತ್ತದೆ.

ಅದೇ ಹೊತ್ತಿಗೆ ದೇಹದ ಖಜಾನೆಯೂ ಬರಿದಾಗಿರುತ್ತದೆ. ಸಯನೈಡನ್ನು ಅಷ್ಟೇನೂ ಅಪಾಯವಿಲ್ಲದ ಥಯೋಸಯನೇಟ್ ಆಗಿ ಬದಲಿಸಿ ಮೂತ್ರದಲ್ಲಿ ಹೊರಹಾಕಲು ಗಂಧಕ ಬೇಕು, ಅದು ದೊರೆಯುವುದು ಮೀನು, ಮೊಟ್ಟೆ, ಮಾಂಸ, ಕಾಳುಗಳ ಪ್ರೋಟೀನಿನಿಂದ. ಸುಂಕದ ಕಟ್ಟೆಯಲ್ಲಿ ಪ್ರತಿ ಬಂಡಿಗೂ ನಾಣ್ಯ ಕೊಡಬೇಕಾದಂತೆ ಪ್ರತಿ ಸಯನೈಡ್ ಅಣುವಿಗೂ ಗಂಧಕದ ಒಂದು ಪರಮಾಣು ತೆರಬೇಕು; ಬರೀ ಗೆಣಸುಂಡವರ ಗಂಟಿನಲ್ಲಿ ಆ ನಾಣ್ಯವಿಲ್ಲ.

ಆಸ್ಟ್ರೇಲಿಯಾದ ರಸಾಯನ ವಿಜ್ಞಾನಿ ಹೊವಾರ್ಡ್ ಬ್ರಾಡ್ಬರಿ ಸೂಚಿಸಿದ ಉಪಾಯಕ್ಕೆ ಖರ್ಚಿಲ್ಲ. ಮರಗೆಣಸಿನ ಹಿಟ್ಟಿಗೆ ನೀರು ಕಲಸಿ ತೆಳ್ಳಗೆ ಹರವಿ, ಬಿಸಿಲಲ್ಲಿ 2 ಗಂಟೆ ಅಥವಾ ನೆರಳಲ್ಲಿ 5 ಗಂಟೆ ಬಿಟ್ಟರೆ, ಹಿಟ್ಟಿನಲ್ಲಿ ಉಳಿದ ಕಿಣ್ವವೇ ಉಳಿದ ಲಿನಮರಿನ್ ಅನ್ನು ಒಡೆದು ವಿಷವನ್ನು ಗಾಳಿಗೆ ಬಿಡುತ್ತದೆ. ಆಮೇಲೆ ಎಂದಿನಂತೆ ಮುದ್ದೆ ತಿರುವಬಹುದು. ಕಾಂಗೋದ ಪೊಪೊಕಬಾಕಾ ಪ್ರದೇಶದ ಒಂದು ಹಳ್ಳಿಯಲ್ಲಿ ಹೆಂಗಸರು ಇದನ್ನು ರೂಢಿಸಿಕೊಂಡ ಮೇಲೆ ಹೊಸದಾಗಿ ಯಾರ ಕಾಲೂ ಸೆಟೆಯಲಿಲ್ಲ. ದಿನದ ಅಡಿಗೆಗೆ ಬೇಕಾದ ಹಿಟ್ಟನ್ನು ಅಂದಂದೇ ಕಲಸಿಟ್ಟರೆ ಸಾಕು, ವಾರ ಕಾಯಬೇಕಿಲ್ಲ.